ಕೊನೆಯ ಕೊಳವೆಯ ಬಿಸಿ

ಪರಮಾಣುವಿಗಿಂತ ಸೂಕ್ಷ್ಮವಾದ ಕಣಗಳ ಜಾಡು ಹಿಡಿಯುವ ಡಿಟೆಕ್ಟರ್ ಯಂತ್ರಕ್ಕೆ ನಿಯಂತ್ರಣ ವ್ಯವಸ್ಥೆ ರೂಪಿಸುವುದು ನನ್ನ ಕೆಲಸ. ದೆವ್ವ ಎಂದರೆ ನಗುವವನು ನಾನು. ಆದರೂ ಇದು ನಡೆದದ್ದು ನಿಜ.

ನನಗೆ ಕೆಲಸ ಕಲಿಸಿದ ಹಿರಿಯ ಎಂಜಿನಿಯರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ವಿದ್ಯುತ್ ಕೊಡುವ ಮುನ್ನ ಅವರು ಡಿಟೆಕ್ಟರನ್ನು ತಂಪಾಗಿಡುವ ತಣ್ಣೀರಿನ ಕೊಳವೆಗಳನ್ನೆಲ್ಲ ಸಾಲಾಗಿ ಅಂಗೈಯಿಂದ ಸವರುತ್ತಿದ್ದರು. ಕೊಳವೆಗಳ ಬಿಸಿಯನ್ನು ಸೆನ್ಸರುಗಳು ಪರದೆಯಲ್ಲಿ ತೋರಿಸುತ್ತಿದ್ದರೂ, "ಪರದೆನ ನಂಬು, ಆದ್ರೆ ಕೈನೂ ಒಂದ್ಸಲ ಕೇಳು" ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲಿನ ಮೊದಲ ಪರೀಕ್ಷೆ. ಮಧ್ಯಾಹ್ನ ನಾವು ಮೇಲಿನ ನಿಯಂತ್ರಣ ಕೋಣೆಯಲ್ಲಿದ್ದೆವು; ಕೆಳಗೆ, ಸಭಾಂಗಣದಷ್ಟು ದೊಡ್ಡ ಕೋಣೆಯಲ್ಲಿ ಡಿಟೆಕ್ಟರ್ ಬಿಟ್ಟರೆ ಯಾರೂ ಇರಲಿಲ್ಲ. ನಾನು ಸ್ವಿಚ್ ಹಾಕಲು ಕೈ ಚಾಚಿದಾಗ ಪರದೆಯಲ್ಲಿ ಮೊದಲ ಕೊಳವೆ ಮೈ ಬಿಸಿಯಷ್ಟು ಬೆಚ್ಚಗಾಗಿ ತಣಿಯಿತು. ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು.

"ಸೆನ್ಸರ್ ಕೆಟ್ಟಿದ್ಯೇನೋ ಸಾರ್" ಎಂದ ಜೊತೆಗಿದ್ದ ಎಲೆಕ್ಟ್ರಿಷಿಯನ್.

"ಕೆಟ್ಟಿದ್ರೆ ಹೀಗೆ ಸಾಲಾಗಿ ನಡ್ಕೊಂಡು ಹೋಗುತ್ತೇನಯ್ಯಾ?" ಎಂದೆ ನಾನು.

ಬಿಸಿ ಕೊನೆಯ ಕೊಳವೆಯಲ್ಲಿ ನಿಂತೇಬಿಟ್ಟಿತು. ಇಳಿದು ಹೋಗಿ ಮುಟ್ಟಿದೆವು. ಕೊಳವೆ ತಣ್ಣಗಿತ್ತು, ಆದರೆ ಬೆಸುಗೆ ಬಿರುಕು ಬಿಟ್ಟು ನೀರು ತಂತಿಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಸ್ವಿಚ್ ಹಾಕಿದ್ದರೆ ಎಲ್ಲರ ದುಡಿಮೆ ಸುಟ್ಟು ಬೂದಿಯಾಗುತ್ತಿತ್ತು.

ರಿಪೇರಿಯಾದ ಮೇಲೆ ಮೊದಲ ಕಣದ ಜಾಡು ಪರದೆಯಲ್ಲಿ ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕೊನೆಯ ಕೊಳವೆಗೆ ಸೆನ್ಸರ್ ಜೋಡಿಸುವುದನ್ನೇ ನಾನು ಮರೆತಿದ್ದೆ ಎಂದು ಆಮೇಲೆ ಗೊತ್ತಾಯಿತು. ಆ ಸೆನ್ಸರ್ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿ, ಬಿಚ್ಚದ ಪೊಟ್ಟಣದಲ್ಲಿತ್ತು. ಎತ್ತಿಕೊಂಡೆ, ಬೆಚ್ಚಗಿತ್ತು.