ನಾಲ್ಕು ಟಿಬಿದು ಬಂತಾ?

“ನಾಲ್ಕು ಟಿಬಿದು ಬಂತಾ?”

ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಕೇಳುವುದು ಅವನ ರೂಢಿ. ಸ್ಪಂದನ ತಲೆ ಎತ್ತಲಿಲ್ಲ. ಎತ್ತಿದರೆ ಅವನ ಎಡಗೆನ್ನೆಯ ಗುಳಿ ಕಾಣುತ್ತದೆ. ಅದು ಕಂಡರೆ ಕೈಯಲ್ಲಿದ್ದ ಕೆಲಸ ಕೆಡುತ್ತದೆ.

“ಬಂದಿಲ್ರೀ.”

“ಮುಂದಿನ ವಾರ ಬರತ್ತಂತೆ. ಯೂಟ್ಯೂಬಲ್ಲಿ ಹೇಳಿದ್ರು.”

“ಹೋದ ತಿಂಗಳೂ ಅದನ್ನೇ ಹೇಳಿದ್ರು.”

ಅಭಿಜ್ಞ ಸೊರಬದವನು, ಮದುವೆಗಳ ವಿಡಿಯೊ ತೆಗೆಯುವವನು. ಹೆಬ್ಬೆರಳಿನಷ್ಟು ಪೆನ್‌ಡ್ರೈವಿನಲ್ಲಿ ನಾಲ್ಕು ಟಿಬಿ, ಅಂದರೆ ನಾಲ್ಕು ಸಾವಿರ ಜಿಬಿ, ಜಾಗ ಬರುತ್ತದಂತೆ ಎಂಬ ಸುದ್ದಿ ಹಬ್ಬಿದಾಗಿನಿಂದ, ಶಿರಾಳಕೊಪ್ಪದ ಮೇಲೆ ಬರುವ ಬಸ್ಸು ಹಿಡಿದು, ಶಿಕಾರಿಪುರದ ಬಸ್ ಸ್ಟ್ಯಾಂಡಿನ ಎದುರಿನ ಈ ಪುಟ್ಟ ಕಂಪ್ಯೂಟರ್ ಅಂಗಡಿಗೆ ವಾರವಾರವೂ ಬಂದು ವಿಚಾರಿಸುತ್ತಿದ್ದ. ಸೊರಬದಲ್ಲಿ ಅಂಗಡಿಗಳಿಲ್ಲವೇ? ಒಂದು ಫೋನ್ ಮಾಡಿದರೆ ಸಾಲದೇ?

ಅನುಮಾನ ಅವಳಿಗೆ ಸುಮ್ಮನೆ ಅಂಟಿದ್ದಲ್ಲ. ಬಿಎಸ್ಸಿ ಮುಗಿಸಿ ಅಂಗಡಿ ತೆರೆದ ಹೊಸತರಲ್ಲಿ ಏಜೆಂಟನೊಬ್ಬ ಸಿಹಿಸಿಹಿಯಾಗಿ ಮಾತಾಡಿ, ಎರಡು ಟಿಬಿ ಎಂದು ಬರೆದ ಡ್ರೈವುಗಳನ್ನು ಕೊಟ್ಟುಹೋಗಿದ್ದ. ಕಂಪ್ಯೂಟರಿಗೆ ಹಾಕಿದರೆ ಎರಡು ಟಿಬಿ ಎಂದೇ ತೋರಿಸುತ್ತಿತ್ತು. ಒಳಗೆ ಇದ್ದದ್ದು ಅದರ ಒಂದು ಚೂರು. ಆ ಚೂರು ತುಂಬಿದ ಮೇಲೆ ಹಾಕಿದ್ದೆಲ್ಲ ಹೆಸರು ಮಾತ್ರ ಉಳಿಸಿ ಮಾಯ. ಈಸೂರಿನ ಲೋಕಮ್ಮನ ಮೊಮ್ಮಗಳ ನಾಮಕರಣದ ವಿಡಿಯೊ ಹಾಗೇ ಹೋಯಿತು. ಲೋಕಮ್ಮ ಬೈಯಲಿಲ್ಲ. ಅಂಗಡಿಯ ಮುಂದೆ ಹಾದುಹೋಗುವಾಗ ಈಗಲೂ ಮುಖ ತಿರುಗಿಸುತ್ತಾಳೆ, ಅಷ್ಟೇ.

ಅಂದಿನಿಂದ ಸ್ಪಂದನ ಯಾವ ಡ್ರೈವನ್ನೂ ಪೂರ್ತಿ ತುಂಬಿಸಿ, ಹೊರಗೆ ತೆಗೆದು, ಮತ್ತೆ ಹಾಕಿ, ಬರೆದದ್ದು ಬರೆದ ಹಾಗೇ ಇದೆಯೇ ಎಂದು ಓದಿಸಿ ನೋಡದೆ ಮಾರುವುದಿಲ್ಲ. ಮನುಷ್ಯರ ಮಾತನ್ನು ಹಾಗೆ ಓದಿಸಿ ನೋಡುವ ಉಪಾಯ ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಇವನೂ ಅಂಥ ಏಜೆಂಟನೇ ಇರಬೇಕು. ಇಲ್ಲವೇ, ಏನೇನು ಸ್ಟಾಕ್ ಇದೆ ನೋಡಿಕೊಂಡು ಬಾ ಎಂದು ಬೇರೆ ಅಂಗಡಿಯವರು ಕಳಿಸಿದವನು.

ಪಕ್ಕದ ಮಳಿಗೆಯಲ್ಲಿ ಬಟ್ಟೆ ಹೊಲಿಯುವ ಶೇಷಮ್ಮನದು ಬೇರೆಯೇ ಅನುಮಾನ. “ಯವ್ವಾ, ಆ ಸೊರಬದ ಹುಡುಗ ಬಂದಾಗೆಲ್ಲ ಟಿಬಿ ಟಿಬಿ ಅಂತಾನೆ. ಕೆಮ್ಮೂ ಐತೆ ಪಾಪ. ಸರ್ಕಾರಿ ಆಸ್ಪತ್ರೆಗೆ ತೋರಿಸ್ಕಳಕ್ಕೆ ಹೇಳು, ಗುಳಿಗೆ ಪುಕ್ಕಟೆ ಕೊಡ್ತಾರೆ.”

ಸ್ಪಂದನ ನಕ್ಕು ನಕ್ಕು ಸಾಕಾದಳು. ಆದರೆ ತನ್ನೊಡನೆ ಮಾತಿಗೆ ತೊಡಗುವ ಮುನ್ನ ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದುದು ನಿಜ.

ಕೊನೆಗೊಂದು ದಿನ ಸುದ್ದಿ ನಿಜವಾಯಿತು. ಪಾರ್ಸೆಲ್ಲಿನಲ್ಲಿ ಒಂದೇ ಒಂದು ಡ್ರೈವ್ ಬಂತು: ಕಪ್ಪು ಮೈ, ನೀಲಿ ತುದಿ. ಹೆಸರು, ಸಂಖ್ಯೆ ಎಲ್ಲ ಡಬ್ಬಿಯ ಮೇಲೆ. ಡ್ರೈವಿನ ಮೇಲೆ ಏನೂ ಇಲ್ಲ. ತುಂಬಿಸಿ ಓದಿಸುವಷ್ಟರಲ್ಲಿ ಅರ್ಧ ವಾರ ಕಳೆಯಿತು. ಒಂದಕ್ಷರವೂ ಕೆಟ್ಟಿರಲಿಲ್ಲ.

ಖುಷಿಯಾಗಬೇಕಿತ್ತು. ಬದಲಿಗೆ ಒಂದೇ ಯೋಚನೆ: ಇದನ್ನು ಕೊಟ್ಟುಬಿಟ್ಟರೆ ಅವನು ಮತ್ತೆ ಯಾತಕ್ಕೆ ಬರುತ್ತಾನೆ?

“ನಾಲ್ಕು ಟಿಬಿದು ಬಂತಾ?”

“ಬಂದಿಲ್ರೀ,” ಎಂದಳು, ಡ್ರಾಯರನ್ನು ಮೊಣಕಾಲಿನಿಂದ ಒತ್ತಿ ಮುಚ್ಚುತ್ತ.

ಅವನಿಗೆ ಬೇಸರವಾದಂತೆ ಕಾಣಲಿಲ್ಲ. ಅದೇ ಅವಳಿಗೆ ಇನ್ನಷ್ಟು ಅನುಮಾನ ತಂದಿತು. ಅವನು ಸ್ಟೂಲ್ ಎಳೆದುಕೊಂಡು ಲ್ಯಾಪ್‌ಟಾಪ್ ತೆರೆದ. “ಉಡುತಡಿ ಮದುವೆದು ಒಂದು ತುಣುಕು ನೋಡಿ. ಧಾರೆ ಹೊತ್ತಲ್ಲಿ ಮದುಮಗಳಿಗೆ ನಗು ತಡೀಲಿಕ್ಕೇ ಆಗ್ಲಿಲ್ಲ.”

ಸ್ಪಂದನ ಬಗ್ಗಿದಳು. ಮದುಮಗಳು ಕಾಣಲಿಲ್ಲ. ಲ್ಯಾಪ್‌ಟಾಪಿನ ಮಗ್ಗುಲಲ್ಲಿ ಚುಚ್ಚಿದ್ದ ಡ್ರೈವ್ ಕಂಡಿತು. ಕಪ್ಪು ಮೈ, ನೀಲಿ ತುದಿ.

“ಇದು ನಾಲ್ಕು ಟಿಬಿದಲ್ವೇನ್ರೀ?”

ಅವನ ಅಂಗೈ ತಟ್ಟನೆ ಅದನ್ನು ಮುಚ್ಚಿತು. ತಡವಾಗಿತ್ತು.

“ಎಲ್ಲಿ ತಗಂಡ್ರಿ?”

“ಶಿವಮೊಗ್ಗ. ಹೋದ ವಾರ.”

“ತಗಂಡ ಮ್ಯಾಲೂ ಬಂತಾ ಬಂತಾ ಅಂತ ಕೇಳ್ತೀರಲ್ಲ, ಯಾರು ಕಳಿಸಿದ್ದು ನಿಮ್ಮನ್ನ? ನಮ್ಮಂಗಡಿ ಸ್ಟಾಕ್ ಎಣ್ಸಾಕೆ ಬರ್ತೀರೇನು?”

ಅಭಿಜ್ಞ ಅವಳನ್ನೇ ನೋಡಿದ. ಗುಳಿ ಮೆಲ್ಲಗೆ ಮೂಡಿತು.

“ಅಲ್ಲ ಮಾರಾಯ್ರೆ, ಇದರ ಮೇಲೆ ಒಂದಕ್ಷರ ಬರೆದಿಲ್ಲ. ನಾಲ್ಕು ಟಿಬಿದು ಅಂತ ನಿಮಗೆ ಹೆಂಗೆ ಗೊತ್ತಾಯ್ತು? ನಿಮ್ಮಲ್ಲಿ ಬಂದೇ ಇಲ್ವಲ್ಲ?”

ಅವಳ ಕಿವಿ ಬಿಸಿಯಾಯಿತು. ಮೊಣಕಾಲು ಇನ್ನೂ ಡ್ರಾಯರಿಗೆ ಒತ್ತಿಕೊಂಡೇ ಇತ್ತು. ಅವನು ಅದನ್ನೂ ನೋಡಿದ.

“ನಂದು ಆಮೇಲೆ. ಮೊದಲು ನೀವು ಹೇಳ್ರಿ.”

ಅವನು ಗಂಟಲು ಸರಿಮಾಡಿಕೊಂಡ. “ಬಂತು ಅಂತ ನೀವಂದ್ರೆ, ಮುಂದಿನ ವಾರ ಎಂತ ಕೇಳ್ಕೊಂಡು ಬರ್ಲಿ ಅಂತ ಹೆದರಿಕೆ. ನಾನು ಬರೋದು ನಿಮ್ಮನ್ನ ನೋಡ್ಲಿಕ್ಕೆ. ಡ್ರೈವು... ಡ್ರೈವು ಬರೀ ನೆಪ. ನೀವು ಒಪ್ಪಿದ್ರೆ ಮನೇಲಿ ಮಾತಾಡ್ತೀನಿ.”

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಏಜೆಂಟನೂ ಹೀಗೇ ಇಂಪಾಗಿ ಮಾತಾಡಿದ್ದ. ಹಾಕಿದ ಕ್ಷಣಕ್ಕೆ ಎಲ್ಲ ಡ್ರೈವುಗಳೂ ಬೇಕಾದಷ್ಟು ಜಾಗ ತೋರಿಸುತ್ತವೆ.

“ಈಗ ಹೋಗ್ರಿ. ನಾಳೆ ಬಂದು ಇದನ್ನೇ ಮತ್ತೆ ಹೇಳ್ರಿ. ಒಂದು ಮಾತೂ ಆಚೀಚೆ ಆಗ್ಬಾರ್ದು.”

“ಟೆಸ್ಟಾ?”

“ಟೆಸ್ಟ್ ಮಾಡ್ದೆ ನಾನು ಏನೂ ಇಟ್ಕಳಲ್ಲ.”

ಮರುದಿನ ಅವನು ಬರುವ ಬಸ್ಸು ಬಂತು. ಇಳಿದವರಲ್ಲಿ ಅವನಿರಲಿಲ್ಲ. ಹೆಸರು ಮಾತ್ರ ಉಳಿಸಿ ಮಾಯ, ಅಂದುಕೊಂಡಳು. ಬೇಕೆಂದೇ ಬೆನ್ನು ತಿರುಗಿಸಿ, ಒರೆಸಿದ ಶೆಲ್ಫನ್ನೇ ಮತ್ತೆ ಒರೆಸಿದಳು.

ಹಿಂದೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

“ಬಂತು ಅಂತ ನೀವಂದ್ರೆ,” ಎಂದು ಶುರುಮಾಡಿದ, ಹಿಂದಿನ ಬಸ್ಸಿನಲ್ಲಿ ಬಂದಿಳಿದು ಓಡಿಬಂದ ಏದುಸಿರಿನಲ್ಲೇ, “ಮುಂದಿನ ವಾರ ಎಂತ ಕೇಳ್ಕೊಂಡು ಬರ್ಲಿ ಅಂತ ಹೆದರಿಕೆ. ನಾನು ಬರೋದು ನಿಮ್ಮನ್ನ ನೋಡ್ಲಿಕ್ಕೆ. ಡ್ರೈವು... ಡ್ರೈವು ಬರೀ ನೆಪ. ನೀವು ಒಪ್ಪಿದ್ರೆ ಮನೇಲಿ ಮಾತಾಡ್ತೀನಿ.”

ನಿನ್ನೆ ಎಡವಿದ ಜಾಗದಲ್ಲೇ ಇವತ್ತೂ ಎಡವಿದ್ದ.

“ನೋಡವ್ವಾ!” ಪಕ್ಕದಿಂದ ಶೇಷಮ್ಮನ ದನಿ. “ಕೆಮ್ಮು ಇನ್ನೂ ಹೋಗಿಲ್ಲ!”

ಸ್ಪಂದನ ಈ ಸಲ ತಲೆ ಎತ್ತಿ, ಗುಳಿಯನ್ನು ಸಾವಕಾಶವಾಗಿ ನೋಡಿದಳು. ಡ್ರಾಯರ್ ಎಳೆದು, ನೀಲಿ ತುದಿಯ ಡ್ರೈವನ್ನು ಅವನ ಅಂಗೈಯಲ್ಲಿಟ್ಟಳು.

“ಬಂದೈತ್ರೀ,” ಎಂದಳು. “ಇದ್ರಾಗೆ ಮಾತ್ರ ಬ್ಯಾರೆಯವರ ಮದುವೆ ತುಂಬಬ್ಯಾಡ್ರಿ.”