ಮೂರನೇ ಯಂತ್ರದಲ್ಲಿ ಒಗೆದ ಕಥೆ

ಬೆಳಿಗ್ಗೆ ಒಂಬತ್ತೂವರೆಗೆ ಮೂರನೇ ಯಂತ್ರದ ಬಾಗಿಲು ತೆರೆದಾಗ ಹಾಸಿಗೆಯ ಹೊದಿಕೆಗಳ ಜೊತೆ ಒಂದು ಕಥೆಯೂ ಹೊರಬಂತು.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಅದು. ಬಿಳಿ ಬಟ್ಟೆಗಳ ಮೇಲೆಲ್ಲ ನೆನೆದ ಕಾಗದದ ಚೂರು, ನೀಲಿ ಶಾಯಿಯ ಕಲೆ. ನಡುವೆ ಒಂದು ನೋಟ್‌ಬುಕ್ಕಿನ ಬರೀ ರಟ್ಟು.

ಇಸ್ತ್ರಿ ಮೇಜಿನ ಹುಡುಗಿ ಓಡಿ ಬಂದಳು. ಸಣ್ಣ ಮೈಕಟ್ಟಿನ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು.

“ನನ್ನದು,” ಎಂದಳು. “ಇದೊಂದೇ ಪ್ರತಿ. ಸಂಜೆ ಐದರೊಳಗೆ ಪತ್ರಿಕೆ ಆಫೀಸಿಗೆ ಕೊಡಬೇಕಿತ್ತು.”

ವಾರಪತ್ರಿಕೆಯೊಂದು ಹೊಸಬರ ಮೊದಲ ಕಥೆಗೆ ಸ್ಪರ್ಧೆ ಇಟ್ಟಿತ್ತು. ಅಂದೇ ಕೊನೆಯ ದಿನ.

ಎಲ್ಲರ ಕಣ್ಣು ಮೆಲ್ಲಗೆ ಸೂಜಿಯಕ್ಕನ ಕಡೆ ತಿರುಗಿತು. ಹರಿದ ಬಟ್ಟೆ ಹೊಲಿಯುವ ಅವಳೂ ಬರೆಯುತ್ತಿದ್ದಳು. ಗುಬ್ಬಿ, ಅವಳು ಇಬ್ಬರೂ ಕಥೆ ಬರೆಯಲು ಕಲಿಸುವ ಒಂದೇ ಸಂಜೆ ತರಗತಿಗೆ ಹೋಗುತ್ತಿದ್ದರು. ಸೂಜಿಯಕ್ಕ ಪತ್ರಿಕೆಗೆ ಕಳಿಸಿದ ಎರಡು ಕಥೆಗಳು ಈಗಾಗಲೇ ಹೋದ ದಾರಿಯಲ್ಲೇ ಹಿಂತಿರುಗಿದ್ದವು.

* * *

“ಎರಡು ದಿನದಿಂದ ಪುಸ್ತಕ ನಿಮ್ಮ ಹತ್ರಾನೇ ಇತ್ತಂತೆ,” ಎಂದ ಸೂಪರ್‌ವೈಸರ್ ಸೂಜಿಯಕ್ಕನಿಗೆ.

“ಓದೋಕೆ ಕೊಟ್ಟಿದ್ಲು. ಬೆಳಿಗ್ಗೆ ಏಳಕ್ಕೆ ಅವಳ ಮೇಜಿನ ಮೇಲಿಟ್ಟೆ.”

“ಯಾರಾದ್ರೂ ನೋಡಿದ್ರಾ?”

“ಇಲ್ಲ.”

“ಕಥೆ ಹೇಗಿತ್ತು?”

“ಚೆನ್ನಾಗಿತ್ತು.”

“ಎಷ್ಟು ಚೆನ್ನಾಗಿ?”

“ನನಗೆ ನಿದ್ದೆ ಬರದಷ್ಟು.”

ಸೂಪರ್‌ವೈಸರ್ ಪೆನ್ನಿನ ಮುಚ್ಚಳ ತೆಗೆದ. “ಒಂದು ಲೋಡು ಬಟ್ಟೆ ಹಾಳಾಗಿದೆ. ಮಧ್ಯಾಹ್ನದೊಳಗೆ ಮೇಲಕ್ಕೆ ಒಂದು ಹೆಸರು ಕಳಿಸ್ಬೇಕು. ಬೇರೆ ಸಿಗದಿದ್ರೆ ನಿಮ್ಮದೇ.”

ಆ ಪುಸ್ತಕ ಎಲ್ಲಾದರೂ ಕಳೆದುಹೋಗಬಾರದೇ ಎಂದು ಸೂಜಿಯಕ್ಕನಿಗೆ ಅನ್ನಿಸಿದ್ದುಂಟು. ಕೈ ಮಾಡದ ತಪ್ಪನ್ನು ಮನಸ್ಸು ಆಗಲೇ ಮಾಡಿ ಮುಗಿಸಿತ್ತು.

* * *

ಯಂತ್ರ ನಡೆಸುವವನಿಗೆ ಬಾಯ್ಲರ್ ಎಂದು ಹೆಸರು. ಸಿಟ್ಟು ಬಂದರೆ ಕುದಿಯುತ್ತಿದ್ದ.

“ಕಥೇಲಿ ನನ್ನ ಗೊರಕೆ ಬಂದ್ರೆ ಪುಸ್ತಕಾನೇ ಬೇಯಿಸ್ತೀನಿ ಅಂದಿದ್ಯಲ್ಲ ನೀನು?” ಎಂದು ಅವನನ್ನು ಕೇಳಿದಳು ಸೂಜಿಯಕ್ಕ.

“ಅಂದಿದ್ದೆ, ಅಕ್ಕ. ಬೊಗಳೋ ನಾಯಿ ಕಚ್ಚುತ್ತಾ? ಆಮೇಲೆ ಗುಬ್ಬೀನೇ ಓದಿ ಹೇಳಿದ್ಲು. ಗೊರಕೆ ಇದೆ, ಆದ್ರೆ ಆ ಮನುಷ್ಯನ ಮೇಲೆ ಪ್ರೀತಿ ಬರತ್ತೆ. ಅಚ್ಚಾದ್ರೆ ನಮ್ಮನೆಯವಳಿಗೆ ತೋರಿಸ್ಬೇಕು ಅಂತಿದ್ದೆ. ಅವಳಿಗೆ ಗೊರಕೆ ಒಂದೇ ಕಾಣತ್ತೆ.”

“ಬಟ್ಟೆ ಹಾಕೋವಾಗ ನೋಡಲಿಲ್ವಾ?”

“ಗಾಡಿ ಬರತ್ತೆ, ಸುರೀತೀನಿ. ಅರ್ಧ ಗಂಟೆ ಬಾಗಿಲ ಹೊರಗೆ ನಿಂತಿರತ್ತೆ ಅದು. ಯಾರು ಬೇಕಾದ್ರೂ ತುರುಕಬಹುದು. ನೀವೂ.”

ಅಷ್ಟರಲ್ಲಿ ಮೇಷ್ಟ್ರು ಒಣ ಟವೆಲ್ ತಂದು ಗುಬ್ಬಿಯ ಕೈಗಿಟ್ಟರು. ವಾರ್ಡುಗಳಿಂದ ಬಂದ ಬಟ್ಟೆ ವಿಂಗಡಿಸಿ, ಅದರಲ್ಲಿ ಸಿಕ್ಕಿದ್ದನ್ನು ತೆಗೆದಿಡುವುದು ಅವರ ಕೆಲಸ. ಎಲ್ಲರ ಅರ್ಜಿ ತಿದ್ದಿಕೊಡುವುದರಿಂದ ಆ ಹೆಸರು. ತಾವೂ ಒಂದು ಕಾದಂಬರಿ ಬರೆಯುವುದಾಗಿ ಬಹಳ ವರ್ಷಗಳಿಂದ ಹೇಳುತ್ತಿದ್ದರು. ಗುಬ್ಬಿಗೆ “ಬರಿ, ಮಗಳೇ” ಎಂದವರೂ ಅವರೇ.

“ಹೋಗ್ಲಿ ಬಿಡು. ಮುಂದಿನ ವರ್ಷ ಸ್ಪರ್ಧೆ ಇದ್ದೇ ಇರತ್ತೆ,” ಎಂದರು.

ಸೂಜಿಯಕ್ಕ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಬೆನ್ನಿನ ಮೇಲೆ ನಾಲ್ಕು ತೂತು. ಅವಳು ಬಹಳ ಹೊತ್ತು ನೋಡಿದಳು. ತೂತುಗಳನ್ನು ನೋಡುವುದೇ ಅವಳ ಕಸುಬು.

* * *

ಹನ್ನೆರಡಕ್ಕೆ ಎಲ್ಲರೂ ವಿಂಗಡಿಸುವ ಮೇಜಿನ ಸುತ್ತ ಸೇರಿದರು.

“ಇದರ ಪಿನ್ನು ಎಲ್ಲಿ, ಸರ್?” ರಟ್ಟು ತೋರಿಸಿ ಕೇಳಿದಳು ಸೂಜಿಯಕ್ಕ.

“ಯಂತ್ರದಲ್ಲಿ ಕಿತ್ತುಹೋಗಿರತ್ತೆ,” ಎಂದ ಸೂಪರ್‌ವೈಸರ್.

“ಯಂತ್ರ ಕಿತ್ತಿದ್ರೆ ರಟ್ಟು ಸೀಳ್ತಿತ್ತು. ತೂತು ಸೂಜಿ ಚುಚ್ಚಿದಷ್ಟೇ ಇದೆ. ಯಾರೋ ಪಿನ್ನಿನ ಕಾಲು ನೆಟ್ಟಗೆ ಮಾಡಿ ನಿಧಾನಕ್ಕೆ ಎಳೆದಿದ್ದಾರೆ.”

“ಹಾಳು ಮಾಡೋ ಪುಸ್ತಕಕ್ಕೆ ಅಷ್ಟು ಉಪಚಾರ ಯಾಕೆ?” ಎಂದ ಬಾಯ್ಲರ್.

“ಉಪಚಾರ ಪುಸ್ತಕಕ್ಕಲ್ಲ, ನಿನ್ನ ಯಂತ್ರಕ್ಕೆ. ಲೋಹ ಒಳಗೆ ಹೋದ್ರೆ ಡ್ರಮ್ಮು ಗೀಚತ್ತೆ. ನೀನಾಗಿದ್ರೆ ಹಾಗೇ ಸುರೀತಿದ್ದೆ. ನಾನಾಗಿದ್ರೂ ಹಾಗೇ ಎಸೀತಿದ್ದೆ. ಕಣ್ಣಿಗೆ ಬಿದ್ದ ಪಿನ್ನು ಕೀಳದೆ ಗಾಡಿಗೆ ಹಾಕೋಕೆ ಕೈ ಬರದೋರು ಇಲ್ಲಿ ಒಬ್ರೇ.”

ಮೇಜಿನ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ. ಬಟ್ಟೆಯಲ್ಲಿ ಸಿಕ್ಕಿದ್ದನ್ನು ಹಾಕಲು ಮೇಷ್ಟ್ರು ಇಟ್ಟದ್ದು; ದಿನವೂ ಸಂಜೆ ಖಾಲಿಯಾಗುತ್ತಿತ್ತು. ಅವಳು ಅದನ್ನು ಬೋರಲು ಹಾಕಿದಳು. ಮೂರು ಸೇಫ್ಟಿಪಿನ್ನು, ಒಂದು ಗುಂಡಿ. ಜೊತೆಗೆ ನೋಟ್‌ಬುಕ್ಕಿನ ಎರಡು ಪಿನ್ನು.

ಮೇಷ್ಟ್ರು ಕನ್ನಡಕ ತೆಗೆದರು.

“ಇಪ್ಪತ್ತೆರಡು ವರ್ಷದ ಅಭ್ಯಾಸ,” ಎಂದರು. “ಕಿತ್ತಿದ್ದು ನನಗೇ ಗೊತ್ತಾಗಲಿಲ್ಲ. ಬಟ್ಟೆ ಜೊತೆ ಹೋದ್ರೆ ಮರೆತು ಬಿದ್ದದ್ದು ಅಂದ್ಕೋತಾರೆ ಅಂತಿದ್ದೆ.”

“ಯಾಕೆ, ಮೇಷ್ಟ್ರೇ?” ಗುಬ್ಬಿಯ ದನಿ ಕೇಳಿಸುವಷ್ಟೇ ಇತ್ತು. “ಬರಿ ಅಂದೋರು ನೀವೇ ಅಲ್ವಾ?”

“ಅಂದೆ. ನೀನು ನಿಜವಾಗ್ಲೂ ಬರೀತೀಯ ಅಂದ್ಕೊಂಡಿರಲಿಲ್ಲ. ಬರೀತೀನಿ ಬರೀತೀನಿ ಅಂತಲೇ ನನ್ನ ತಲೆ ನರೀತು. ನೀನು ಊಟದ ಅರ್ಧ ಗಂಟೇಲಿ ಕೂತು ಮುಗಿಸಿಬಿಟ್ಟೆ.” ಅವರು ಸೂಜಿಯಕ್ಕನತ್ತ ನೋಡಿದರು. “ನಿನಗೆ ಹೊಟ್ಟೆ ಉರೀಲಿಲ್ವಾ? ನಿಜ ಹೇಳು.”

“ಉರೀತು,” ಎಂದಳು ಸೂಜಿಯಕ್ಕ. “ಇನ್ನೂ ಉರೀತಿದೆ.”

ಸೂಪರ್‌ವೈಸರ್ ಮೇಷ್ಟ್ರನ್ನು ಒಳಗೆ ಕರೆದೊಯ್ದ.

* * *

ಗುಬ್ಬಿ ಇಸ್ತ್ರಿ ಮೇಜಿನ ಮುಂದೆ ಖಾಲಿ ಹಾಳೆ ಹರಡಿಕೊಂಡಿದ್ದಳು. “ನೆನಪಿಂದ ಬರೆದು ನೋಡಿದೆ, ಅಕ್ಕ. ಒಂದು ಪುಟ ದಾಟಲಿಲ್ಲ. ಐದರೊಳಗೆ ಆಗಲ್ಲ.”

ಸೂಜಿಯಕ್ಕ ಎದುರಿಗೆ ಸ್ಟೂಲು ಎಳೆದುಕೊಂಡಳು. “ಪೆನ್ನು ತಗೋ. ನಾನು ಹೇಳ್ತೀನಿ.”

“ನಿನಗೆ ಹೇಗೆ ನೆನಪಿದೆ?”

“ಎಲ್ಲಾದ್ರೂ ತಪ್ಪು ಸಿಗತ್ತಾ ಅಂತ ನಾಲ್ಕು ಸಲ ಓದಿದೆ. ಬಾಯಿಪಾಠ ಆಗಿಬಿಟ್ಟಿದೆ.”

ಗುಬ್ಬಿ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಬರೆಯತೊಡಗಿದಳು. ಪುಟಗಳು ತುಂಬಿದವು. ಇಸ್ತ್ರಿಯವಳೊಬ್ಬಳು ಸತ್ತ ರೋಗಿಯ ಅಂಗಿ ಮಡಿಸುವ ಜಾಗ ಬಂತು. ಸೂಜಿಯಕ್ಕ ನಿಲ್ಲಿಸಿದಳು.

“ಆಮೇಲೆ ಅಂಗಿ ಪಕ್ಕಕ್ಕಿಟ್ಟು ಹೋದಳು, ಅಷ್ಟೇ ಅಲ್ವಾ?” ಎಂದಳು ಗುಬ್ಬಿ.

ಸೂಜಿಯಕ್ಕ ಹೂಂ ಅಂದಿದ್ದರೆ ಸಾಕಿತ್ತು, ಗುಬ್ಬಿ ಬರೆದು ಮರೆತಿದ್ದ ಸಾಲು ಅಲ್ಲೇ ಅಳಿದುಹೋಗುತ್ತಿತ್ತು. ಕಥೆ ಆಗಲೂ ಚೆನ್ನಾಗಿಯೇ ಇರುತ್ತಿತ್ತು. ಇಷ್ಟು ಚೆನ್ನಾಗಿ ಅಲ್ಲ, ಅಷ್ಟೇ. ಯಾವ ಪತ್ತೇದಾರನಿಗೂ ಸಿಗದ ಕಳವು.

“ಅಷ್ಟೇ ಅಲ್ಲ,” ಎಂದಳು ಸೂಜಿಯಕ್ಕ. “ಬರ್ಕೋ. ‘ಅಂಗಿಯ ತೋಳುಗಳನ್ನು ಅವಳು ಎದೆಯ ಮೇಲೆ ಮಡಿಸಲಿಲ್ಲ. ಬೆನ್ನಿನ ಹಿಂದೆ ಮಡಿಸಿದಳು, ಸಂಜೆ ಸುತ್ತಾಡಲು ಹೊರಟವನು ಕೈ ಕಟ್ಟಿಕೊಳ್ಳುವ ಹಾಗೆ.’”

ಗುಬ್ಬಿ ಬರೆದು ತಲೆಯೆತ್ತಿದಳು. “ಇದು ನಾನೇ ಬರೆದದ್ದಾ, ಅಕ್ಕ?”

ಸೂಜಿಯಕ್ಕ ಮುಂದಿನ ಖಾಲಿ ಹಾಳೆಯನ್ನು ಅವಳತ್ತ ಸರಿಸಿದಳು.

“ನೀನೇ,” ಎಂದಳು.