ಹನ್ನೊಂದನೇ ನಂಬರಿನಿಂದ ಬಂದ ಬೆದರಿಕೆ

ಸೋಮವಾರ ಬೆಳಿಗ್ಗೆ 9.20ಕ್ಕೆ ಅನುವಾದ ಕಚೇರಿಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಕಟ್ಟಡದಲ್ಲಿ ಬಾಂಬ್ ಇದೆಯೆಂಬ ಇ-ಮೇಲ್. ಒಂದೂವರೆ ತಿಂಗಳಲ್ಲಿ ಇದು ಮೂರನೆಯದು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಹೊರಟರು. ಸಿಬ್ಬಂದಿಯನ್ನು ಮನೆಗೆ ಕಳಿಸಿ ಮೂರು ಮಹಡಿ ಜಾಲಾಡಿದ್ದಾಯಿತು. ಏನೂ ಸಿಗಲಿಲ್ಲ.

"ಈ ಸಲವೂ ಬಾಂಬು ಸಿಡಿದಿದ್ದು ನನ್ನ ಮೊಣಕಾಲಲ್ಲೇ ಸಾರ್," ಎಂದ ಮೆಟ್ಟಿಲು ಹತ್ತಿಳಿದ ಹೆಡ್ ಕಾನ್‌ಸ್ಟೇಬಲ್.

ಬುಧವಾರ ಇಂಟರ್ನೆಟ್ ಕಂಪನಿಯ ಉತ್ತರ ಬಂತು. ಮೇಲ್ ಹೋಗಿದ್ದು ಅದೇ ಕಚೇರಿಯ ಸಂಪರ್ಕದಿಂದ. ಆದರೆ ಅಲ್ಲಿನ ಹದಿನಾಲ್ಕು ಕಂಪ್ಯೂಟರ್‌ಗಳಿಗೂ ಸಂಪರ್ಕ ಒಂದೇ.

ಕಂಪ್ಯೂಟರ್ ರಿಪೇರಿಯವನನ್ನು ಕಚೇರಿಯವರು ವೈರ್ ಮಾಮ ಎನ್ನುತ್ತಿದ್ದರು. ಅವನು ಇನ್‌ಸ್ಪೆಕ್ಟರ್‌ಗೆ ಮೆಟ್ಟಿಲ ಕೆಳಗಿದ್ದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ತೋರಿಸಿದ.

"ಯುನಿಕ್ಸ್ ಅನ್ನೋ ವ್ಯವಸ್ಥೆ ಮೇಲೆ ನಡೆಯೋ ಕಂಪ್ಯೂಟರ್ ಸಾರ್. ಒಂದು ಕೇಬಲ್ ಹೊರಗಿನ ಇಂಟರ್ನೆಟ್ಟಿಗೆ, ಇನ್ನೊಂದು ಒಳಗಿನವಕ್ಕೆ. ಎಲ್ಲಾ ಇದರ ಮೂಲಕವೇ ಹೋಗ್ಬೇಕು. ಹೊರಗಿನವರಿಗೆ ಕಾಣೋದು ಇದೊಂದೇ."

"ಒಳಗಿನಿಂದ ಕಳಿಸಿದ್ದು ಯಾರು ಅಂತ ಬರೆದಿಟ್ಟಿರುತ್ತಾ?"

"ಇರುತ್ತೆ. ಒಳಗಿನ ಪ್ರತಿ ಕಂಪ್ಯೂಟರಿಗೂ ಒಂದೊಂದು ನಂಬರ್ ಕೊಟ್ಟಿದೆ." ದಾಖಲೆ ತೆರೆದ. ಸೋಮವಾರ ಬೆಳಿಗ್ಗೆ 8.54. ಹನ್ನೊಂದನೇ ನಂಬರು.

ಅದು ಹೊಸ ಟೈಪಿಸ್ಟ್ ಹುಡುಗಿಯದು. ಮ್ಯಾನೇಜರ್ ನಿಂತ ಕಾಲಲ್ಲೇ, "ನಾಳೆಯಿಂದ ಬರಬೇಡ," ಎಂದುಬಿಟ್ಟರು.

"ನಾನು ಬಂದಿದ್ದೇ ಒಂಬತ್ತಕ್ಕೆ ಸಾರ್," ಎಂದಳು ಹುಡುಗಿ. "ಅಪ್ಪನಿಗೆ ಏನಂತ ಹೇಳ್ಲಿ?"

ಅಲ್ಲಿಗೇ ಕೈ ತೊಳೆದುಕೊಳ್ಳೋಣ ಎನಿಸಿತು ಇನ್‌ಸ್ಪೆಕ್ಟರ್‌ಗೆ. ನಿದ್ದೆಯಿಲ್ಲದ ಕಣ್ಣು ಉರಿಯುತ್ತಿತ್ತು. ಆದರೂ ಕೇಳಿದರು: "ಈ ನಂಬರನ್ನ ಬೇರೆಯವರು ಹಾಕ್ಕೋಬಹುದಾ?"

ವೈರ್ ಮಾಮ ತಲೆ ಕೆರೆದುಕೊಂಡು ಇನ್ನೊಂದು ದಾಖಲೆ ತೆರೆದ. "ಹಾಕ್ಕೋಬಹುದು. ಆದ್ರೆ ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೂ ಅದರದೇ ಗುರುತು ಇರುತ್ತೆ. ನೋಡಿ, 8.52ಕ್ಕೆ ಹನ್ನೊಂದು ಬೇರೆ ಕಾರ್ಡಿಗೆ ಹೋಗಿದೆ. 9.03ಕ್ಕೆ ಅವಳ ಕಾರ್ಡಿಗೆ ವಾಪಸ್ ಬಂದಿದೆ."

ಪಂಚರನ್ನು ಕರೆಸಿ ಒಂದೊಂದೇ ಕಂಪ್ಯೂಟರಿನ ಗುರುತು ಬರೆಸಿಕೊಂಡು ಪಂಚನಾಮೆ ಮಾಡಿದರು. ಮಧ್ಯಾಹ್ನ 3.40ಕ್ಕೆ ಒಂಬತ್ತನೆಯದು 8.52ರ ಆ ಕಾರ್ಡಿಗೆ ಹೊಂದಿಕೆಯಾಯಿತು. ಅದು ಹೆಡ್ ಕ್ಲರ್ಕ್‌ನದು. ಮೂವತ್ತೊಂದು ವರ್ಷದ ಸೇವೆ, ಒಂದೂ ಕಪ್ಪು ಚುಕ್ಕೆಯಿಲ್ಲ.

"ನೀವೇನಾ?"

"ನಾನೇ."

"ಮೂರೂ?"

"ಮೂರೂ."

"ಯಾಕೆ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೆಂಡತಿಗೆ ಲಕ್ವ ಹೊಡೆದು ಎರಡು ವರ್ಷ ಆಯ್ತು. ನೋಡ್ಕೊಳ್ಳೋ ಹೆಂಗಸು ಸೋಮವಾರ ಬರಲ್ಲ. ಅವತ್ತು ಸಂಜೆವರೆಗೂ ಅವಳು ಒದ್ದೆಯಲ್ಲೇ ಬಿದ್ದಿರ್ತಾಳೆ. ಏಳು ಸಲ ರಜೆ ಕೇಳ್ದೆ. ಕೊಡ್ಲಿಲ್ಲ. ಕಚೇರಿ ಖಾಲಿ ಮಾಡಿಸಿದ್ರೆ ಎಲ್ಲರ ಜೊತೆ ನಾನೂ ಹೋಗ್ಬಹುದಿತ್ತು."

"ಆ ಹುಡುಗಿ ನಂಬರೇ ಯಾಕೆ?"

"ಚಿಕ್ಕ ವಯಸ್ಸು. ಬೇರೆ ಕೆಲಸ ಸಿಗುತ್ತೆ ಅಂದ್ಕೊಂಡೆ." ತಲೆ ಎತ್ತಲಿಲ್ಲ.

4.15ಕ್ಕೆ ದಸ್ತಗಿರಿ. ಜೀಪು ಹತ್ತುವಾಗ ಅವರೆಂದರು, "ಐದಕ್ಕೆ ಆ ಹೆಂಗಸು ಮನೆಗೆ ಹೋಗ್ತಾಳೆ ಸಾರ್. ಆಮೇಲೆ ಯಾರೂ ಇರಲ್ಲ."

ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಬ್ಬಳನ್ನು ಆ ವಿಳಾಸಕ್ಕೆ ಕಳಿಸಿದರು. ಟೈಪಿಸ್ಟ್ ಹುಡುಗಿಯ ಮೇಲೆ ಆರೋಪವಿಲ್ಲವೆಂದು ಮ್ಯಾನೇಜರ್‌ಗೆ ಪತ್ರ ಬರೆದರು. ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ ಪೆನ್ನು ತುಸು ನಿಂತಿತು. 'ರಜೆ' ಎಂದಷ್ಟೇ ಬರೆದು ಸಹಿ ಹಾಕಿದರು.